ಗೌಳಿ ದಡ್ಡಿಯವರನ್ನು ಕೇಳದೆ ಒಪ್ಪಿಗೆ ಬರೆದುಕೊಂಡಿದ್ದಾರೆ. ಕೋರ್ಟು ಇದನ್ನು ನೋಡುತ್ತದಾ?

ಪ್ರಶ್ನೆ
ದಡ್ಡಿಯ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಕಾನೂನು ಓದುತ್ತಿದ್ದೇನೆ. ನಮ್ಮದು ಧಾರವಾಡ ಜಿಲ್ಲೆಯ ಕಾಡಂಚಿನ ಒಂದು ಗೌಳಿ ದಡ್ಡಿ, ಅಂದರೆ ಎಮ್ಮೆ ಸಾಕುವ ಗೌಳಿ ಜನರ ಚಿಕ್ಕ ಊರು. ಊರ ಹೆಸರು ಬರೆಯುವುದಿಲ್ಲ, ಮನೆಯವರಿಗೆ ಭಯ ಇದೆ.

ಹೋದ ಮಳೆಗಾಲ ಮುಗಿದ ಮೇಲೆ ಇಬ್ಬರು ನಮ್ಮ ದಡ್ಡಿಗೆ ಬಂದರು. ಹಗಲು ಹೊತ್ತು. ಗಂಡಸರು ಎಮ್ಮೆ ಹೊಡೆದುಕೊಂಡು ಕಾಡಿಗೆ ಹೋಗಿದ್ದರು. ಹಾಲು ಹಾಕಲು ಹೋದವರು ಇನ್ನೂ ವಾಪಸ್ ಬಂದಿರಲಿಲ್ಲ. ಮನೆಗಳಲ್ಲಿ ಇದ್ದವರು ಮುದುಕರು, ಬಾಣಂತಿಯರು, ಮಕ್ಕಳು. ದನದ ಕೊಟ್ಟಿಗೆ ಮಂಜೂರು ಮಾಡಿಸೋಕೆ ಪಟ್ಟಿ ಮಾಡುತ್ತಿದ್ದೇವೆ ಅಂದರು. ಒಂದು ರಿಜಿಸ್ಟರ್ ತೆಗೆದು ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡು ಹೋದರು. ನಮ್ಮ ಅಜ್ಜಿಯೂ ಹೆಬ್ಬೆಟ್ಟು ಒತ್ತಿದಳು. ಮನೆಯಲ್ಲಿ ನಾವು ಆಡುವುದು ಗೌಳಿ ಮಾತು, ಮರಾಠಿಗೆ ಹತ್ತಿರದ್ದು. ಅಜ್ಜಿಗೆ ಕನ್ನಡ ತಿಳಿಯುತ್ತದೆ, ಓದಲು ಬರುವುದಿಲ್ಲ.

ಈಚೆಗೆ ನಮ್ಮ ಚಿಕ್ಕಪ್ಪ ಬೇರೆ ಕೆಲಸಕ್ಕೆ ಒಂದು ಕಚೇರಿಗೆ ಹೋದಾಗ ಒಂದು ಠರಾವಿನ (ಸಭೆಯ ನಿರ್ಣಯದ) ಜೆರಾಕ್ಸ್ ಕೈಗೆ ಸಿಕ್ಕಿತು. ಗ್ರಾಮಸಭೆ ನಡೆಯಿತು, ದಡ್ಡಿಯ ಮೇಲಿನ ಗುಡ್ಡದಲ್ಲಿ ಕಲ್ಲು ಕ್ವಾರಿಗೂ ಅದರ ರಸ್ತೆಗೂ ಅರಣ್ಯದ ಜಾಗ ಕೊಡಲು ಯಾರದ್ದೂ ತಕರಾರಿಲ್ಲ, ಸರ್ವಾನುಮತದಿಂದ ಒಪ್ಪಲಾಯಿತು ಅಂತ ಬರೆದಿದೆ. ಅದರ ಹಿಂದೆ ನಮ್ಮವರ ಸಹಿ, ಹೆಬ್ಬೆಟ್ಟಿನ ಹಾಳೆ. ಆ ಗುಡ್ಡದ ಮೇಲೆ ನಮ್ಮ ದೇವರ ಕಲ್ಲಿದೆ. ಬೇಸಿಗೆಯಲ್ಲಿ ಎಮ್ಮೆಗಳಿಗೆ ನೀರಾಗುವ ಹಳ್ಳ ಅಲ್ಲಿಂದಲೇ ಇಳಿಯುತ್ತದೆ. ಆ ಜಾಗ ಕೊಡಿ ಅಂತ ಯಾರೂ ನಮ್ಮನ್ನು ಕೇಳಿಯೇ ಇಲ್ಲ.

ಅದೇ ವಾರ ಕ್ಲಾಸಿನಲ್ಲಿ ಮೇಡಂ ಕೆನಡಾದ ಹೈಡಾ ಜನರ ಕೇಸು ಪಾಠ ಮಾಡಿದರು. 2004ರ ತೀರ್ಪು. ಮೂಲನಿವಾಸಿಗಳ ಹಕ್ಕು ಇನ್ನೂ ಕೋರ್ಟಿನಲ್ಲಿ ಸಾಬೀತಾಗಿಲ್ಲ ಅಂದರೂ, ಅದಕ್ಕೆ ಪೆಟ್ಟು ಬೀಳಬಹುದು ಅಂತ ಗೊತ್ತಿದ್ದ ಸರ್ಕಾರ ಮೊದಲು ಅವರ ಜೊತೆ ಕೂತು ಮಾತಾಡಲೇಬೇಕು ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ. ಎಲ್ಲರೂ ನೋಟ್ಸ್ ಬರೆದುಕೊಂಡರು. ನನ್ನ ತಲೆಯಲ್ಲಿ ಆ ಜೆರಾಕ್ಸೇ ಸುತ್ತುತ್ತಿತ್ತು.

ನನ್ನ ಪ್ರಶ್ನೆ ಎರಡು. ನಮ್ಮ ದೇಶದ ಜಡ್ಜ್‌ಗೆ "ಮೊದಲು ಆ ಜನರನ್ನು ಸರಿಯಾಗಿ ಕೇಳಿ ಬನ್ನಿ" ಅಂತ ಸರ್ಕಾರಕ್ಕೆ ಹೇಳುವ ಅಧಿಕಾರ ಇದೆಯಾ? ಎರಡನೆಯದು, ಕರ್ನಾಟಕದಲ್ಲಿ ಗೌಳಿಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಇಲ್ಲ. ಹಾಗಿದ್ದರೆ ಈ ಹಕ್ಕು ನಮಗೆ ಬರುತ್ತದಾ? ಗೊತ್ತಿರುವವರು ಬಿಡಿಸಿ ಹೇಳಿ.


ಉತ್ತರ 1
ಮುಂಡರಗಿ ರೈತ:

ತಂಗೀ, ಓದಿ ಹೊಟ್ಟೆ ಉರಿಯಿತು. ನಾನು ವಕೀಲ ಅಲ್ಲ, ಹೊಲ ಮಾಡುವವನು. ನಮ್ಮ ಕಡೆ ನಡೆದದ್ದನ್ನು ಹೇಳುತ್ತೇನೆ.

2011ರಲ್ಲಿ ನಮ್ಮ ಹಳ್ಳಿಗುಡಿ ಭಾಗದ ಎರೆ ಹೊಲಗಳನ್ನು ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಕೊಡಲು ಹೊರಟಿದ್ದರು. ಜೋಳ, ಕಡಲೆ, ಹತ್ತಿ ಬೆಳೆಯುವ ಭೂಮಿ. ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಲ್ಲಿ ಮೊದಲು ಒಂದು ನೋಟಿಸು ಬರುತ್ತದೆ, ತಕರಾರು ಹೇಳಲು 30 ದಿನ ಕೊಡುತ್ತಾರೆ. ತಕರಾರು ಕೊಟ್ಟರೂ ಅದನ್ನು ಕೇಳುವವರು ಆ ಭೂಮಿ ತೆಗೆದುಕೊಳ್ಳುವ ಕಡೆಯ ಅಧಿಕಾರಿಯೇ. ಅದನ್ನು ನಂಬಿ ಕೂರುವ ಧೈರ್ಯ ನಮಗಿರಲಿಲ್ಲ. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. ಹೆಣ್ಣುಮಕ್ಕಳು, ಮುದುಕರು, ಕೂಲಿಯವರು ಎಲ್ಲ ಬೀದಿಗೆ ಬಂದರು. ಜುಲೈನಲ್ಲಿ ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ಯಾವ ಜಡ್ಜೂ ಬರೆದ ಆದೇಶ ಅಲ್ಲ ಅದು.

ಕಪ್ಪತಗುಡ್ಡದ ಕತೆಯೂ ಹಾಗೇ. 2015ರಲ್ಲಿ ಸಂರಕ್ಷಿತ ಮೀಸಲು ಅಂತ ಘೋಷಿಸಿದರು. 2016ರಲ್ಲಿ ತಾವೇ ರದ್ದು ಮಾಡಿದರು. ಗುಡ್ಡದಲ್ಲಿ ಚಿನ್ನ ಇದೆ, ಗಣಿಗೆ ಬಾಗಿಲು ತೆಗೆಯುತ್ತಾರೆ ಅಂತ ಜನ ಕೆರಳಿದರು. ಗದಗಿನಲ್ಲಿ ಸ್ವಾಮೀಜಿ ಧರಣಿ ಕೂತರು. 2017ರ ಏಪ್ರಿಲ್‌ನಲ್ಲಿ ಮತ್ತೆ ಮೀಸಲು ಮಾಡಿದರು, 2019ರಲ್ಲಿ ವನ್ಯಜೀವಿ ಧಾಮ ಆಯಿತು. ನಾವು ಊರೂರಿಂದ ಟ್ರ್ಯಾಕ್ಟರ್ ಕಟ್ಟಿಕೊಂಡು ಹೋಗಿದ್ದೆವು.

ಕೋರ್ಟಿಗೆ ಹೋಗಬೇಡ ಅನ್ನುವುದಿಲ್ಲ. ಆದರೆ ತಾರೀಖಿನ ಮೇಲೆ ತಾರೀಖು ಬೀಳುತ್ತದೆ. ಅಷ್ಟರಲ್ಲಿ ಗುಡ್ಡಕ್ಕೆ ಜೆಸಿಬಿ ಹತ್ತಿದರೆ ಆ ಹಳ್ಳವನ್ನು ಯಾವ ತೀರ್ಪು ವಾಪಸ್ ತರುತ್ತದೆ? ಮೊದಲು ದಡ್ಡಿಯವರೆಲ್ಲ ಒಂದು ಕಡೆ ಕೂಡಬೇಕು. ಸುತ್ತಲ ಊರಿನ ರೈತರನ್ನು ಸೇರಿಸಿಕೊಳ್ಳಿ. ಆ ಹಳ್ಳದ ನೀರು ಕೆಳಗಿನ ಹೊಲಗಳಿಗೂ ಹೋಗುತ್ತದೆ ಅಲ್ವಾ?


ಉತ್ತರ 2
ಧಾರವಾಡ ವಕೀಲೆ:

ತಂಗೀ, ನಾನು ಧಾರವಾಡ ಹೈಕೋರ್ಟ್ ಪೀಠದಲ್ಲಿ ವಕೀಲಿಕೆ ಮಾಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನಿನ್ನ ಮೊದಲ ಪ್ರಶ್ನೆಯನ್ನೇ ಎಷ್ಟೋ ಜನ ವಕೀಲರು ಕೇಳಿಕೊಳ್ಳುವುದಿಲ್ಲ. ಎಲ್ಲರೂ "ಜಡ್ಜ್ ನಮ್ಮ ಪರ ಬರೀತಾರಾ" ಅಂತ ಕೇಳುತ್ತಾರೆ. ನೀನು "ನಮ್ಮನ್ನು ಕೇಳುವಂತೆ ಮಾಡ್ತಾರಾ" ಅಂತ ಕೇಳಿದ್ದೀಯ. ಸರಿಯಾದ ಪ್ರಶ್ನೆ.

ಅಧಿಕಾರ ಇದೆ. ಅದನ್ನು ಬಳಸಿದ ದೊಡ್ಡ ಉದಾಹರಣೆ ನಮ್ಮ ದೇಶದ್ದೇ. ಒಡಿಶಾದ ನಿಯಮಗಿರಿ. ಡೋಂಗ್ರಿಯಾ ಕೊಂಧ ಜನ ನಿಯಮರಾಜನನ್ನು ಪೂಜಿಸುವ ಬೆಟ್ಟ ಅದು. ಅಲ್ಲಿಂದ ಬಾಕ್ಸೈಟ್ ತೆಗೆದು ಕೆಳಗೆ ಲಾಂಜಿಗಢದ ವೇದಾಂತ ಕಾರ್ಖಾನೆಗೆ ಕೊಡಬೇಕು ಅನ್ನುವುದು ಯೋಜನೆ. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರು: ಅಫ್ತಾಬ್ ಆಲಂ, ಕೆ.ಎಸ್. ರಾಧಾಕೃಷ್ಣನ್, ರಂಜನ್ ಗೊಗೊಯ್. ಗಣಿ ಬೇಕು ಅಂತಲೂ ಅವರು ಬರೆಯಲಿಲ್ಲ, ಬೇಡ ಅಂತಲೂ ಬರೆಯಲಿಲ್ಲ. ಗ್ರಾಮಸಭೆಗಳ ಮುಂದೆ ವಿಷಯ ಇಡಿ ಅಂದರು. ಆ ಜನರ ದೇವರಿಗೆ, ಪೂಜೆಗೆ, ಕಾಡಿನ ಹಕ್ಕಿಗೆ ಧಕ್ಕೆ ಆಗುತ್ತದೋ ಇಲ್ಲವೋ ಅಂತ ಅವರೇ ಹೇಳಲಿ ಅಂದರು.

ಆ ತೀರ್ಪಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುವುದು ಮುಂದಿನ ಆದೇಶ. ಕಂಪನಿಯವರಾಗಲಿ ಸರ್ಕಾರದವರಾಗಲಿ ಸಭೆಯ ಮೇಲೆ ಪ್ರಭಾವ ಬೀರಬಾರದು, ಜಿಲ್ಲಾ ನ್ಯಾಯಾಧೀಶರ ದರ್ಜೆಯ ಒಬ್ಬ ಅಧಿಕಾರಿ ಸಭೆಯಲ್ಲಿ ವೀಕ್ಷಕರಾಗಿ ಇರಬೇಕು, ಅವರನ್ನು ಒಡಿಶಾ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ನೇಮಿಸಬೇಕು. ಅಂದರೆ ಒಬ್ಬ ಜಡ್ಜ್ ಕೋರ್ಟ್ ಹಾಲ್ ಬಿಟ್ಟು ಬೆಟ್ಟ ಹತ್ತಿ, ಹಳ್ಳಿಯವರ ಜೊತೆ ಕೂತು, ಅವರು ಹೇಳಿದ್ದೇ ಕಾಗದಕ್ಕೆ ಇಳಿಯುತ್ತಿದೆಯಾ ಅಂತ ನೋಡಬೇಕು. ಜುಲೈ 18ರಿಂದ ಆಗಸ್ಟ್ 19ರವರೆಗೆ, ಮಳೆಯಲ್ಲೇ, 12 ಹಳ್ಳಿಗಳಲ್ಲಿ ಸಭೆ ನಡೆಯಿತು. ಹನ್ನೆರಡೂ ಹಳ್ಳಿಗಳು ಬೇಡ ಅಂದವು. 2014ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಅನುಮತಿ ನಿರಾಕರಿಸಿತು.

ಇದರಲ್ಲಿ ಕೊರತೆಯೂ ಇತ್ತು. ಆ ಬೆಟ್ಟವನ್ನು ನಂಬಿದ ಹಳ್ಳಿಗಳು ನೂರಕ್ಕೂ ಜಾಸ್ತಿ. ಯಾವ 12 ಊರು ಅಂತ ಆರಿಸಿದ್ದು ರಾಜ್ಯ ಸರ್ಕಾರ. ಯಾರನ್ನು ಕೇಳಬೇಕು ಅನ್ನುವುದನ್ನು ಕೇಳುವವರೇ ಆರಿಸಿದರೆ ಅಲ್ಲೇ ಅರ್ಧ ಫಲಿತಾಂಶ ನಿರ್ಧಾರ ಆದಂತೆ. ಆ 12 ಊರು ಗಟ್ಟಿಯಾಗಿ ನಿಂತಿದ್ದರಿಂದ ಬೆಟ್ಟ ಉಳಿಯಿತು. ಈ ಕೊರತೆಯನ್ನು ನಿನಗೆ ಹೇಳುತ್ತಿರುವುದು ಯಾಕೆಂದರೆ ನಿಮ್ಮ ದಡ್ಡಿ ದೊಡ್ಡ ಗ್ರಾಮ ಪಂಚಾಯ್ತಿಯ ಒಂದು ಮೂಲೆ. ಪಂಚಾಯ್ತಿ ಇರುವ ಊರಿನಲ್ಲಿ ಸಭೆ ಮಾಡಿ, ನಿಮ್ಮ ಗುಡ್ಡದ ಬಗ್ಗೆ ಬೇರೆಯವರ ಕೈ ಎತ್ತಿಸಿ ಠರಾವು ಮಾಡುವುದು ಸುಲಭ.

ನಿನ್ನ ಮೇಡಂ ಹೈಡಾ ಕೇಸು ಹೇಳಿದ್ದು ಒಳ್ಳೆಯದಾಯಿತು. ಅದರ ಜೊತೆ 2018ರ ಟ್ರಾನ್ಸ್ ಮೌಂಟನ್ ಪೈಪ್‌ಲೈನ್ ತೀರ್ಪನ್ನೂ ಓದು. ಕೆನಡಾದ ಫೆಡರಲ್ ಮೇಲ್ಮನವಿ ಕೋರ್ಟು ಕೊಟ್ಟದ್ದು. ಅಲ್ಲಿ ಸರ್ಕಾರ ಜನರನ್ನು ಭೇಟಿ ಮಾಡಲಿಲ್ಲ ಅಂತೇನಿಲ್ಲ. ಅಧಿಕಾರಿಗಳು ಹೋದರು, ಕೂತರು, ಕೇಳಿಸಿಕೊಂಡರು, ಬರೆದುಕೊಂಡು ಬಂದರು. ಅಷ್ಟೇ ಮಾಡಿದ್ದೀರಿ, ಅವರ ಮಾತಿಗೆ ಉತ್ತರ ಎಲ್ಲಿ ಅಂತ ಕೋರ್ಟು ಕೇಳಿತು. ಯೋಜನೆಯ ಅನುಮತಿಯನ್ನೇ ರದ್ದು ಮಾಡಿತು. ಆಮೇಲೆ ಸರ್ಕಾರ ಮತ್ತೆ ಮಾತುಕತೆ ಮಾಡಿ ಅನುಮತಿ ಕೊಟ್ಟಾಗ 2020ರಲ್ಲಿ ಅದೇ ಕೋರ್ಟು ಅದನ್ನು ಒಪ್ಪಿತು. ಇದನ್ನೂ ಗೊತ್ತಿಟ್ಟುಕೊಳ್ಳಬೇಕು. ಕೆನಡಾದಲ್ಲಿ ಕೇಳುವ ಕರ್ತವ್ಯ ಅಂದರೆ ಬೇಡ ಅನ್ನುವ ಕೊನೆಯ ಅಧಿಕಾರ ಅಲ್ಲ. ನಿಯಮಗಿರಿಯಲ್ಲಿ ನಮ್ಮ ಸುಪ್ರೀಂ ಕೋರ್ಟು ಗ್ರಾಮಸಭೆಗೆ ಕೊಟ್ಟ ಜಾಗ ಅದಕ್ಕಿಂತ ಗಟ್ಟಿ ಅಂತ ನನ್ನ ಅಭಿಪ್ರಾಯ.

ದಿಲ್ಲಿ ಹೈಕೋರ್ಟೂ 2009ರಲ್ಲಿ, ಗೋವಾದ ಒಂದು ಗಣಿ ವಿಷಯದ ಉತ್ಕರ್ಷ ಮಂಡಲ ಕೇಸಿನಲ್ಲಿ, ಇಂಥದ್ದೇ ಮಾತು ಹೇಳಿದೆ. ಸಾರ್ವಜನಿಕ ಅಹವಾಲಿನಲ್ಲಿ ಜನ ಎತ್ತಿದ ತಕರಾರುಗಳನ್ನು ತಜ್ಞರ ಸಮಿತಿ ಒಂದೊಂದಾಗಿ ನೋಡಬೇಕು, ಒಪ್ಪದಿದ್ದರೆ ಯಾಕೆ ಅಂತ ಬರೆಯಬೇಕು.

ನಾನು ತುಂಬ ಗೌರವಿಸುವ ಒಬ್ಬ ಜಡ್ಜ್ ಬಗ್ಗೆ ಹೇಳುತ್ತೇನೆ. ಥಾಮಸ್ ಬರ್ಗರ್. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಾಧೀಶರು. 1974ರಲ್ಲಿ ಮೆಕೆಂಜಿ ಕಣಿವೆಯ ಗ್ಯಾಸ್ ಪೈಪ್‌ಲೈನ್ ವಿಚಾರಣೆ ನಡೆಸಲು ಅವರನ್ನು ನೇಮಿಸಿದರು. ಅವರು ಒಂದು ಊರಿನಲ್ಲಿ ಕುರ್ಚಿ ಹಾಕಿ ಕೂರಲಿಲ್ಲ. ಉತ್ತರದ ಹಿಮದ ನಾಡಿನ 35 ಊರುಗಳಿಗೆ ತಾವೇ ಹೋದರು. ಸುಮಾರು ಸಾವಿರ ಜನ ಅವರ ಮುಂದೆ ಮಾತಾಡಿದರು, ತಮ್ಮ ತಮ್ಮ ಭಾಷೆಯಲ್ಲಿ. ವಿಚಾರಣೆಯ ಸುದ್ದಿ ರೇಡಿಯೋದಲ್ಲಿ ಆ ಭಾಷೆಗಳಲ್ಲೇ ಹೋಗುತ್ತಿತ್ತು, ಹಾಗಾಗಿ ಪಕ್ಕದ ಊರಿನವರು ಏನು ಹೇಳಿದರು ಅಂತ ಮುಂದಿನ ಊರಿನವರಿಗೆ ಗೊತ್ತಿರುತ್ತಿತ್ತು. 1977ರಲ್ಲಿ ವರದಿ ಕೊಟ್ಟರು: ಜನರ ಭೂಮಿಯ ಹಕ್ಕು ಇತ್ಯರ್ಥ ಆಗುವವರೆಗೆ, ಹತ್ತು ವರ್ಷ, ಆ ಕಣಿವೆಯಲ್ಲಿ ಪೈಪ್‌ಲೈನ್ ಬೇಡ. ಜಡ್ಜ್ ಆಗುವ ಮೊದಲು ಅವರು ಅಲ್ಲಿನ ಮೂಲನಿವಾಸಿಗಳಾದ ನಿಸ್ಗಾ ಜನರ ವಕೀಲರಾಗಿದ್ದರು. ಕೆನಡಾದ ಕಾನೂನಿನಲ್ಲಿ ಮೂಲನಿವಾಸಿಗಳ ಭೂಮಿ ಹಕ್ಕಿಗೆ ಜಾಗ ಮಾಡಿಕೊಟ್ಟ 1973ರ ಕಾಲ್ಡರ್ ಕೇಸನ್ನು ವಾದಿಸಿದ್ದು ಅವರೇ.

ಜಡ್ಜ್‌ಗಳು ಯಾವಾಗಲೂ ಹೀಗೆ ಇರುತ್ತಾರೆ ಅಂತ ನಿನಗೆ ಆಸೆ ಹುಟ್ಟಿಸುವುದಿಲ್ಲ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟೇ, ಅರಣ್ಯ ಹಕ್ಕಿನ ಅರ್ಜಿ ತಿರಸ್ಕಾರ ಆದವರನ್ನು ಕಾಡಿನಿಂದ ತೆರವು ಮಾಡಿ ಅಂತ ರಾಜ್ಯಗಳಿಗೆ ಹೇಳಿತು. ಅರ್ಜಿ ಯಾಕೆ ತಿರಸ್ಕಾರ ಆಯಿತು, ಅವರಿಗೆ ನೋಟಿಸು ಹೋಗಿತ್ತಾ, ಮೇಲ್ಮನವಿಗೆ ಅವಕಾಶ ಸಿಕ್ಕಿತ್ತಾ ಅಂತ ಆವತ್ತು ನೋಡಲಿಲ್ಲ. ಹತ್ತು ಲಕ್ಷಕ್ಕೂ ಜಾಸ್ತಿ ಕುಟುಂಬಗಳು ನಡುಗಿದವು. ದೇಶದ ತುಂಬ ಗಲಾಟೆ ಆದ ಮೇಲೆ ಫೆಬ್ರವರಿ 28ರಂದು ಅದೇ ಪೀಠ ತನ್ನ ಆದೇಶವನ್ನು ತಡೆಹಿಡಿಯಿತು. ಮುಂಡರಗಿ ಅಣ್ಣಾರು ಜನ ಕೂಡಬೇಕು ಅಂದದ್ದು ನಿಜ. ಕೋರ್ಟಿನ ಕಿವಿಗೆ ಬೀಳಬೇಕಾದರೂ ಜನ ಮಾತಾಡಬೇಕು.

ಈಗ ನಿನ್ನ ಎರಡನೆಯ ಪ್ರಶ್ನೆ. ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶ, ಅಂದರೆ ಬುಡಕಟ್ಟು ಜನರದ್ದು ಅಂತ ಘೋಷಿಸಿದ ಪ್ರದೇಶ, ಒಂದೂ ಇಲ್ಲ. ಹಾಗಾಗಿ ಅಂಥ ಪ್ರದೇಶಗಳ ಗ್ರಾಮಸಭೆಗೆ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆ ಇಲ್ಲಿ ನಡೆಯುವುದಿಲ್ಲ. ಅಂಥ ಪ್ರದೇಶದ ಜಾಗವನ್ನು ಖಾಸಗಿ ಗಣಿಗೆ ಕೊಡಬಾರದು ಅಂದ ಆಂಧ್ರದ 1997ರ ಸಮತಾ ತೀರ್ಪನ್ನು ಯಾರಾದರೂ ಹೇಳಿದರೆ, ಅದೂ ನೇರವಾಗಿ ನಿಮಗೆ ಬಾರದು. ಆದರೆ 2006ರ ಅರಣ್ಯ ಹಕ್ಕು ಕಾಯ್ದೆ ಇಡೀ ರಾಜ್ಯಕ್ಕೆ ಅನ್ವಯ. ಅದರಲ್ಲಿ ಪರಿಶಿಷ್ಟ ಪಂಗಡದವರ ಜೊತೆ "ಇತರೆ ಪಾರಂಪರಿಕ ಅರಣ್ಯವಾಸಿಗಳು" ಅಂತ ಇದ್ದಾರೆ. ಗೌಳಿಗಳು ಅಲ್ಲಿ ಬರುತ್ತೀರಿ. ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಇದ್ದೇವೆ ಅಂತ ತೋರಿಸಿದರೆ ಸಾಕು. ನೀವು ಆ ತಾರೀಖಿಗೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ತೋರಿಸಬೇಕು. ಇದು ಅನ್ಯಾಯ ಅಂತಲೇ ನಾನು ತಿಳಿದಿದ್ದೇನೆ. ಒಂದೇ ಕಾಡು, ಒಂದೇ ಹಳ್ಳ. ನಮ್ಮ ಧಾರವಾಡ, ಬೆಳಗಾವಿ ಜಿಲ್ಲೆಯ ಸಿದ್ದಿಗಳಿಗೆ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದೂ 2020ರಲ್ಲಿ. ಉತ್ತರ ಕನ್ನಡದ ಸಿದ್ದಿಗಳಿಗೆ ಅದು 2003ರಲ್ಲೇ ಸಿಕ್ಕಿತ್ತು.

75 ವರ್ಷ ಅಂದ ಕೂಡಲೇ ಎದೆ ಒಡೆದುಕೊಳ್ಳಬೇಡ. ಅಷ್ಟು ಹಳೆಯ ಸರ್ಕಾರಿ ಕಾಗದವೇ ಬೇಕು ಅಂತ ನಿಯಮದಲ್ಲಿ ಇಲ್ಲ. 13ನೇ ನಿಯಮ ಓದು. ಅರ್ಜಿದಾರರಲ್ಲದ ಊರ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷಿ. ಹಳೆಯ ಬಾವಿ, ಹೂಳುವ ಜಾಗ, ದೇವರ ಸ್ಥಳ ಸಾಕ್ಷಿ. ಒಂದಕ್ಕಿಂತ ಹೆಚ್ಚು ಸಾಕ್ಷಿ ಇರಬೇಕು, ಅಷ್ಟೇ. ನಿಮ್ಮ ಗುಡ್ಡದ ದೇವರ ಕಲ್ಲಿದೆಯಲ್ಲ, ಅದು ನಿಮ್ಮ ದೊಡ್ಡ ಸಾಕ್ಷಿ. ಕ್ವಾರಿ ಬಂದರೆ ನಿಮ್ಮ ಸಾಕ್ಷಿಯೇ ಪುಡಿಯಾಗುತ್ತದೆ. ದನ ಮೇಯಿಸುವುದು, ನೀರು ಬಳಸುವುದು ಸಮುದಾಯದ ಹಕ್ಕು ಅಂತ ಕಾಯ್ದೆಯ 3ನೇ ಕಲಮಿನಲ್ಲಿದೆ. ಹಕ್ಕಿನ ವಿಚಾರಣೆ ಮುಗಿಯುವ ತನಕ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ ಅಂತ 4ನೇ ಕಲಮಿನ 5ನೇ ಉಪಕಲಮು ಹೇಳುತ್ತದೆ. ಅರಣ್ಯ ಜಾಗ ಬೇರೆ ಕೆಲಸಕ್ಕೆ ಕೊಡುವಾಗ ಈ ಕಾಯ್ದೆ ಪಾಲನೆ ಆಗಿದೆಯಾ ಅಂತ ನೋಡುವ ಹೊಣೆಯನ್ನು ಅರಣ್ಯ ಸಂರಕ್ಷಣೆಯ 2023ರ ನಿಯಮಗಳು ರಾಜ್ಯ ಸರ್ಕಾರದ ಮೇಲೆ ಹಾಕಿವೆ.


ದಡ್ಡಿಯ ಹುಡುಗಿ:

ಅಕ್ಕಾರೆ, ತುಂಬ ಧನ್ಯವಾದ. ಮುಂಡರಗಿ ಅಣ್ಣಾರಿಗೂ. ನಿಮ್ಮ ಮಾತು ಚಿಕ್ಕಪ್ಪನಿಗೆ ಓದಿ ಹೇಳಿದೆ. ಅವರ ಭಯ ಒಂದೇ. "ಅಷ್ಟು ಜನರ ಸಹಿ ಇದೆ, ನಮ್ಮ ಅವ್ವನ ಹೆಬ್ಬೆಟ್ಟೂ ಇದೆ. ನಾವು ಸುಳ್ಳು ಅಂದರೆ ಜಡ್ಜ್ ನಂಬುತ್ತಾರಾ? ಕಾಗದ ಅವರ ಕಡೆ ಇದೆಯಲ್ಲ" ಅನ್ನುತ್ತಾರೆ. ಊರಿನಲ್ಲಿ ಕೆಲವರು ಕ್ವಾರಿ ಬಂದರೆ ಕೂಲಿ ಸಿಗುತ್ತದೆ ಅಂತಲೂ ಹೇಳುತ್ತಿದ್ದಾರೆ. ಅವರನ್ನು ನಾನು ತಪ್ಪು ಅನ್ನುವುದಿಲ್ಲ. ಅವರೂ ಸಭೆಯಲ್ಲಿ ಎದ್ದು ನಿಂತು ಹಾಗೆ ಹೇಳಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಸಭೆಯೇ ಆಗಲಿಲ್ಲ.


ಉತ್ತರ 3
ಹಾನಗಲ್ಲ ಮಾಸ್ತರ:

ಮಗಳೇ, ನಾನು ನಿವೃತ್ತ ಶಾಲಾ ಮಾಸ್ತರ. ನೀನು ಹುಟ್ಟುವ ಮೊದಲಿನ ಮಾತು. ಹಾವೇರಿ ಆಗ ಧಾರವಾಡ ಜಿಲ್ಲೆಯಲ್ಲೇ ಇತ್ತು. ಊರಿನ ಗಾಯರಾಣ, ದನ ಮೇಯುವ ಬೀಡು, ಎಲ್ಲ ಸೇರಿ ಸುಮಾರು 30 ಸಾವಿರ ಹೆಕ್ಟೇರ್ ಜಾಗವನ್ನು ಕರ್ನಾಟಕ ಪಲ್ಪ್‌ವುಡ್ಸ್ ಅನ್ನುವ ಕಂಪನಿಗೆ ಕೊಡಲು ಸರ್ಕಾರ ಹೊರಟಿತ್ತು. ಸರ್ಕಾರದ ಅರಣ್ಯ ನಿಗಮವೂ ಹರಿಹರ ಪಾಲಿಫೈಬರ್ಸೂ ಸೇರಿ ಮಾಡಿದ ಕಂಪನಿ. ನೀಲಗಿರಿ ಹಚ್ಚುವುದು, ಕಡಿದು ಕಾರ್ಖಾನೆಗೆ ಒಯ್ಯುವುದು. ಯಾವ ಊರಿನವರನ್ನೂ ಕೇಳಿರಲಿಲ್ಲ. ಒಂದು ದಿನ ದನ ಬಿಡಲು ಹೋದರೆ ಅಲ್ಲಿ ಕಂದಕ ತೋಡಿ ಸಸಿ ನೆಟ್ಟಿದ್ದರು.

ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು ಊರೂರು ತಿರುಗಿದರು. ಶಿವರಾಮ ಕಾರಂತರು ಮುಂದಾಗಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. 1987ರಲ್ಲಿ ಕೋರ್ಟು, ಇನ್ನು ಮುಂದೆ ಜಾಗ ಹಸ್ತಾಂತರ ಮಾಡಬೇಡಿ ಅಂತ ತಡೆ ಕೊಟ್ಟಿತು. ತಡೆ ಬಂದ ಮೇಲೂ ನಮ್ಮೂರಿನ ಕಡೆ ನೀಲಗಿರಿ ನಿಲ್ಲಲಿಲ್ಲ. ಅದಕ್ಕೇ ಅದೇ ವರ್ಷ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ "ಕಿತ್ತಿಕೋ ಹಚ್ಚಿಕೋ" ಸತ್ಯಾಗ್ರಹ ಆಯಿತು. ಜನ ನೀಲಗಿರಿ ಸಸಿ ಕಿತ್ತರು, ಅಲ್ಲೇ ದನಕ್ಕೂ ಮನೆಗೂ ಬರುವ ಗಿಡ ಹಚ್ಚಿದರು. ನಾನು ಆಗ ಹೊಸದಾಗಿ ಕೆಲಸಕ್ಕೆ ಸೇರಿದ್ದೆ, ದೂರದಲ್ಲಿ ನಿಂತು ನೋಡಿದವರ ಪೈಕಿ. ಸೀರೆ ಕಚ್ಚೆ ಹಾಕಿ ಬಂದ ಹೆಣ್ಣುಮಕ್ಕಳೇ ಮುಂದೆ ಇದ್ದರು. ಮಂಡಲ ಪಂಚಾಯ್ತಿಗಳು ನಮ್ಮ ಊರ ಜಾಗ ನಮಗೆ ಬೇಕು ಅಂತ ಠರಾವು ಮಾಡಿದವು. 1991ರಲ್ಲಿ ಆ ಕಂಪನಿ ಮುಚ್ಚಿತು.

ಮುಂಡರಗಿಯವರು ಕೋರ್ಟು ತಡ ಮಾಡುತ್ತದೆ ಅಂದರು. ನಮ್ಮ ಕಡೆ ಆ ತಡೆಯಾಜ್ಞೆಯೇ ಜನರಿಗೆ ನಾಲ್ಕು ವರ್ಷ ಕಾಲ ಕೊಟ್ಟಿತು. ತಡೆ ಇರದಿದ್ದರೆ ಅಷ್ಟರಲ್ಲಿ ಇಡೀ ಗಾಯರಾಣ ಕೈಬಿಟ್ಟು ಹೋಗುತ್ತಿತ್ತು. ಜನ ಇರದಿದ್ದರೆ ತಡೆ ಬರೀ ಕಾಗದ ಆಗುತ್ತಿತ್ತು. ಎರಡನ್ನೂ ನನ್ನ ಕಣ್ಣಿಂದ ನೋಡಿದ್ದೇನೆ.

ಇನ್ನೊಂದು. ಕೂಲಿ ಬೇಕು ಅನ್ನುವ ನಿಮ್ಮೂರ ಹುಡುಗರನ್ನು ದೂರ ಮಾಡಬೇಡ. ಆಗಲೂ ನೀಲಗಿರಿ ಕೂಲಿಗೆ ಹೋದವರು ನಮ್ಮಲ್ಲೇ ಇದ್ದರು. ಅವರನ್ನು ಬೈದ ಊರುಗಳು ಒಡೆದವು. ಅವರ ಜೊತೆ ಕೂತು ಮಾತಾಡಿದ ಊರುಗಳು ಉಳಿದವು.


ಧಾರವಾಡ ವಕೀಲೆ:

ಮಾಸ್ತರರು ಹೇಳಿದ ತಡೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೋ ತಂಗಿ. ಇಂಥ ಕೇಸಿನಲ್ಲಿ ಜಡ್ಜ್ ಮಾಡುವ ಮೊದಲ ಕೆಲಸ ಅದೇ. ಕೇಳುವುದು ಮುಗಿಯುವ ತನಕ ಗುಡ್ಡವನ್ನು ಇದ್ದಹಾಗೆ ಇಡಿಸುವುದು.

ಚಿಕ್ಕಪ್ಪನ ಭಯಕ್ಕೆ ಉತ್ತರ. ಆ ಕಾಗದವೇ ನಿಮ್ಮ ಕೈಗೆ ಬಲ ಕೊಡಬಹುದು. ಅರಣ್ಯ ಹಕ್ಕು ನಿಯಮದ ಪ್ರಕಾರ ಗ್ರಾಮಸಭೆಗೆ ಕೋರಂ ಬೇಕು. ಸಭೆಯ ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆ ಇರಬಾರದು. ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಬೇಕು. ಸಹಿಗಳನ್ನು ಮತದಾರರ ಪಟ್ಟಿಯ ಜೊತೆ ಇಟ್ಟು ನೋಡು. ಆವತ್ತು ಕಾಡಿಗೆ ಹೋದವರ ಹೆಸರು ಇದೆಯಾ? ಹಾಲು ಹಾಕಲು ಹೋದವರದ್ದು? ಡೈರಿಯ ಪಾಸ್‌ಬುಕ್ಕಿನಲ್ಲಿ ಆ ದಿನ, ಆ ಹೊತ್ತಿನ ಹಾಲು ಬರೆದಿರುತ್ತಾರೆ. ಸಭೆಯಲ್ಲಿದ್ದವನು ಅದೇ ಹೊತ್ತಿಗೆ ಡೈರಿಯಲ್ಲಿ ಹೇಗೆ ಇದ್ದ ಅಂತ ಯಾವ ಜಡ್ಜಾದರೂ ಕೇಳುತ್ತಾರೆ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕು. ಸಭೆಯ ನೋಟಿಸು, ಅದನ್ನು ಡಂಗುರ ಸಾರಿದ ಅಥವಾ ಹಚ್ಚಿದ ದಾಖಲೆ, ಹಾಜರಿ ಪುಸ್ತಕ, ನಡಾವಳಿಯ ಪೂರ್ತಿ ಪುಟಗಳು, ಫೋಟೋ ಅಥವಾ ವಿಡಿಯೋ, ಠರಾವನ್ನು ಮೇಲಿನ ಕಚೇರಿಗೆ ಕಳಿಸಿದ ಪತ್ರ. ಒಂದೊಂದನ್ನೂ ಬಿಡಿಯಾಗಿ ಕೇಳು. ದೃಢೀಕೃತ ಪ್ರತಿ ಅಂತ ಬರೆ. 30 ದಿನದಲ್ಲಿ ಕೊಡಬೇಕು. ಕಡತ ಇಲ್ಲ ಅಂತ ಬರೆದು ಕೊಟ್ಟರೆ ಅದನ್ನೂ ಜೋಪಾನ ಮಾಡು.

ಆ 30 ದಿನ ಸುಮ್ನೆ ಕೂರಬೇಡ. ಈ ವಾರವೇ ದಡ್ಡಿಯವರೆಲ್ಲ ಸಹಿ ಮಾಡಿದ ತಕರಾರು ಅರ್ಜಿಯನ್ನು ಜಿಲ್ಲಾಧಿಕಾರಿಗೂ ಉಪ ಅರಣ್ಯ ಸಂರಕ್ಷಣಾಧಿಕಾರಿಗೂ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅದರಲ್ಲಿ ಬೈಗುಳ ಬೇಡ. ಸಭೆ ನಡೆದಿಲ್ಲ, ನಮ್ಮನ್ನು ಕೇಳಿಲ್ಲ, ಮತ್ತೆ ನಮ್ಮ ದಡ್ಡಿಯಲ್ಲೇ ಸಭೆ ಕರೆಯಿರಿ ಅಂತ ಅಷ್ಟೇ ಇರಲಿ. ಕೂಲಿ ಬೇಕು ಅನ್ನುವ ಹುಡುಗರೂ ಈ ಅರ್ಜಿಗೆ ಸಹಿ ಮಾಡಬಹುದು. ಯಾಕೆಂದರೆ ಕ್ವಾರಿ ಬೇಡ ಅಂತ ಇದರಲ್ಲಿ ಬರೆದಿರುವುದಿಲ್ಲ, ಕೇಳಿ ಅಂತ ಬರೆದಿರುತ್ತದೆ. ಆಮೇಲೆ ರಿಟ್ (ಸರ್ಕಾರದ ಕ್ರಮದ ವಿರುದ್ಧ ಹೈಕೋರ್ಟಿಗೆ ಕೊಡುವ ಅರ್ಜಿ) ಹಾಕಿದಾಗ, ಮೊದಲು ಅಧಿಕಾರಿಗಳ ಹತ್ತಿರ ಹೋಗಿದ್ದಿರಾ ಅಂತ ನ್ಯಾಯಮೂರ್ತಿಗಳು ಕೇಳಿಯೇ ಕೇಳುತ್ತಾರೆ. ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಅಂತಲೂ ಕೇಳುತ್ತಾರೆ. ಅದಕ್ಕೇ ಜೆರಾಕ್ಸ್ ಸಿಕ್ಕ ತಾರೀಖು ಬರೆದಿಡು.

ಅಜ್ಜಿಯ ಪ್ರಮಾಣಪತ್ರ ಮಾಡಿಸಬೇಕು. ಯಾರು ಬಂದರು, ಏನು ಹೇಳಿ ಹೆಬ್ಬೆಟ್ಟು ಹಾಕಿಸಿಕೊಂಡರು ಅಂತ ಅವರ ಮಾತಿನಲ್ಲೇ ಇರಲಿ. ಓದು ಬಾರದವರ ಪ್ರಮಾಣಪತ್ರದಲ್ಲಿ, ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಲಾಯಿತು, ಅವರು ಒಪ್ಪಿ ಹೆಬ್ಬೆಟ್ಟು ಹಾಕಿದರು ಅಂತ ಷರಾ ಬರೆಯುತ್ತಾರೆ. ಆ ರಿಜಿಸ್ಟರಿನಲ್ಲಿ ಅಂಥ ಒಂದು ಸಾಲೂ ಇಲ್ಲ ಅನ್ನುವುದನ್ನು ನಾವು ಜಡ್ಜ್‌ಗೆ ತೋರಿಸಬಹುದು. ಬರೆಯುವವರು ಗೌಳಿ ಮಾತು ಬಲ್ಲವರಾಗಿದ್ದರೆ ಒಳ್ಳೆಯದು. ನೀನೇ ಬರೆದರೆ ಮನೆಯವಳು ಅಂತ ತಕರಾರು ತೆಗೆಯುತ್ತಾರೆ. ಬೇರೆ ಯಾರನ್ನಾದರೂ ಹುಡುಕು.

ವಕೀಲರ ಫೀಸಿನ ಚಿಂತೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಹೆಣ್ಣುಮಕ್ಕಳಿಗೆ ವರಮಾನ ನೋಡದೆ ಉಚಿತ ನೆರವು ಇದೆ. ದಡ್ಡಿಯ ಹೆಂಗಸರೇ ಅರ್ಜಿದಾರರಾಗಲಿ. ನನ್ನ ಹಿರಿಯರ ಕಾಲದಲ್ಲಿ ಒಂದು ರಿಟ್ ಹಾಕಬೇಕಾದರೂ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಬೇಕಿತ್ತು. 2008ರ ಜುಲೈನಲ್ಲಿ ಇಲ್ಲಿ ಪೀಠ ಶುರುವಾಯಿತು, 2013ರಲ್ಲಿ ಕಾಯಂ ಆಯಿತು. ಈಗ ನಿಮ್ಮೂರಿನಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಕೋರ್ಟ್ ಹಾಲ್‌ನಲ್ಲಿ ಕೂರಬಹುದು. ವಿಚಾರಣೆಯ ದಿನ ಐದಾರು ಹೆಂಗಸರು ಬಂದು ಹಿಂದಿನ ಬೆಂಚಿನಲ್ಲಿ ಕೂತಿರಲಿ.

ರಿಟ್ಟಿನಲ್ಲಿ ನಾವು ಬೇಡುವುದು ಮೂರು. ಆ ಠರಾವು ರದ್ದಾಗಬೇಕು. ದಡ್ಡಿಯಲ್ಲೇ, ಸಂಜೆ ಎಮ್ಮೆ ಬಂದ ಮೇಲೆ, ಗೌಳಿ ಮಾತಿನಲ್ಲಿ ವಿವರಿಸಿ ಹೊಸ ಸಭೆ ಆಗಬೇಕು. ನಿಯಮಗಿರಿಯ ಹಾಗೆ ಒಬ್ಬ ನ್ಯಾಯಾಂಗ ಅಧಿಕಾರಿ ಅಲ್ಲಿ ಕೂತಿರಬೇಕು. ಮೂರನೆಯದನ್ನು ಕೊಡಲೇಬೇಕು ಅಂತ ಯಾವ ಜಡ್ಜ್‌ಗೂ ಕಟ್ಟುಪಾಡಿಲ್ಲ. ನಾನಂತೂ ಕೇಳದೆ ಬಿಡುವುದಿಲ್ಲ.

ಆ ಜೆರಾಕ್ಸಿನ ಫೋಟೋ ಇಲ್ಲಿ ಹಾಕಬೇಡ, ಹೆಸರುಗಳು ಇರುತ್ತವೆ. ಸೋಮವಾರ ಜಿಲ್ಲಾ ಕೋರ್ಟ್ ಆವರಣದ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ಟು, ಚಿಕ್ಕಪ್ಪನನ್ನೂ ಕರೆದುಕೊಂಡು ಹೈಕೋರ್ಟ್ ಪೀಠದ ಕಡೆ ಬಾ. ನಾಲ್ಕು ಗಂಟೆಯ ಮೇಲೆ ನಾನು ಬಿಡುವಾಗಿರುತ್ತೇನೆ. ಎಲ್ಲಿ ಸಿಗಬೇಕು ಅಂತ ನಿನಗೆ ಬೇರೆಯಾಗಿ ಮೆಸೇಜ್ ಮಾಡಿದ್ದೇನೆ.